ನರಹುಲಿಯೊಳಗೆ ರಾತ್ರಿ ಪಾಳಿ

ದಾವಣಗೆರೆಯಲ್ಲಿ ಕೈ ಮೇಲೆ ನರಹುಲಿ ಎದ್ದಿದೆ ಅಂದರೆ ಸಾಕು, ಔಷಧಿ ಹೇಳುವವರಿಗೆ ಬರವಿಲ್ಲ. ಒಬ್ಬರು ಕುದುರೆ ಬಾಲದ ಕೂದಲು ಕಟ್ಟು ಅನ್ನುತ್ತಾರೆ, ಇನ್ನೊಬ್ಬರು ಎಕ್ಕದ ಹಾಲು ಹಚ್ಚು ಅನ್ನುತ್ತಾರೆ. ಮನೆಯ ಹಿರಿಯರು ಹರಕೆ ಹೊರುತ್ತಾರೆ. ಮಕ್ಕಳ ನರಹುಲಿಗಳಲ್ಲಿ ಬಹಳಷ್ಟು ಒಂದೆರಡು ವರ್ಷದಲ್ಲಿ ತಾವಾಗಿಯೇ ಹೋಗುತ್ತವೆ. ಹೆಸರು ಮಾತ್ರ ಕುದುರೆ ಕೂದಲಿಗೆ! ಎಕ್ಕದ ಹಾಲನ್ನಂತೂ ಹಚ್ಚಲೇಬೇಡಿ. ಚರ್ಮ ಸುಡುತ್ತದೆ, ಕಣ್ಣಿಗೆ ತಗುಲಿದರೆ ಇನ್ನೂ ಅಪಾಯ.

ನರಹುಲಿ ತರುವುದು ಪ್ಯಾಪಿಲೋಮ ವೈರಸ್. ಮನುಷ್ಯರಿಗೆ ತಗಲುವ ಬಗೆಗಳೇ 200ಕ್ಕಿಂತ ಜಾಸ್ತಿ. ಇದರ ಡಿಎನ್‌ಎ ಸುಮಾರು 8,000 ಅಕ್ಷರಗಳಷ್ಟು ಉದ್ದ. ನಮ್ಮದು 300 ಕೋಟಿ ಅಕ್ಷರ. ಇಷ್ಟು ಸಣ್ಣ ಬಂಡವಾಳದಲ್ಲಿ ಡಿಎನ್‌ಎ ನಕಲು ಮಾಡುವ ಸ್ವಂತ ಪಾಲಿಮರೇಸ್ ಕಿಣ್ವಕ್ಕೂ ಜಾಗವಿಲ್ಲ. ಇ1 ಎಂಬ ಪ್ರೋಟೀನು ಡಿಎನ್‌ಎಯ ಎಳೆಗಳನ್ನು ಬಿಡಿಸುತ್ತದೆ, ಇ2 ಎಂಬ ಇನ್ನೊಂದು ಪ್ರೋಟೀನು ಆ ಇ1 ಅನ್ನು ಸರಿಯಾದ ಜಾಗಕ್ಕೆ ಕರೆತರುತ್ತದೆ. ಉಳಿದ ಕೆಲಸವೆಲ್ಲ ನಮ್ಮ ಜೀವಕೋಶದ್ದೇ.

ತೊಡಕು ಇರುವುದು ಇಲ್ಲಿ. ಚರ್ಮದ ಜೀವಕೋಶಗಳು ಒಡೆದು ಎರಡಾಗುವುದು ತಳದ ಪದರದಲ್ಲಿ. ಸಣ್ಣ ಗೀರು ಬಿದ್ದರೆ ವೈರಸ್ ಅಲ್ಲಿಗೆ ಇಳಿಯುತ್ತದೆ. ಆದರೆ ಅಲ್ಲಿ ಗಲಾಟೆ ಮಾಡುವುದಿಲ್ಲ, ತನ್ನ ಕೆಲವೇ ಪ್ರತಿಗಳನ್ನು ಇಟ್ಟುಕೊಂಡು ಸುಮ್ನೆ ಕೂರುತ್ತದೆ. ತಳದಲ್ಲಿ ಹುಟ್ಟಿದ ಜೀವಕೋಶ ಮೇಲೇರುತ್ತಾ ಒಡೆಯುವುದನ್ನು ನಿಲ್ಲಿಸುತ್ತದೆ, ಚಪ್ಪಟೆಯಾಗುತ್ತದೆ, ಸತ್ತು ಉದುರುತ್ತದೆ. ವೈರಸ್ ಸಾವಿರಾರು ಪ್ರತಿ ಮಾಡಿಕೊಳ್ಳುವುದು ಈ ಮೇಲಿನ ಪದರಗಳಲ್ಲೇ. ಅಲ್ಲಿ ದೇಹದ ಕಾವಲು ಕಡಿಮೆ, ಉದುರುವ ಚರ್ಮದ ಜೊತೆ ಹೊರಗೆ ಹೋಗುವುದೂ ಸುಲಭ. ಆದರೆ ಅಷ್ಟು ಹೊತ್ತಿಗೆ ಜೀವಕೋಶ ನಕಲು ಕೆಲಸವನ್ನೇ ಬಂದ್ ಮಾಡಿರುತ್ತದೆ.

ಕರ್ನಾಟಕದ ಮ್ಯಾಂಚೆಸ್ಟರ್ ಅನಿಸಿಕೊಂಡಿದ್ದ ಊರಿನವರಿಗೆ ಮುಚ್ಚಿದ ಹತ್ತಿ ಗಿರಣಿ ಹೇಗಿರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಮೇಲಿನ ಪದರದ ಜೀವಕೋಶವೂ ಹಾಗೇ. ಯಂತ್ರ ನಿಂತಿದೆ, ಬಾಗಿಲಿಗೆ ಬೀಗ ಬಿದ್ದಿದೆ. ವೈರಸ್‌ಗೆ ಹೊಸ ಯಂತ್ರ ಬೇಡ, ಬೀಗ ತೆಗೆದು ರಾತ್ರಿ ಪಾಳಿ ಶುರು ಮಾಡುವವರು ಬೇಕು. ಆ ಕೆಲಸ ವೈರಸ್ಸಿನ ಇ7 ಎಂಬ ಪ್ರೋಟೀನಿನದು.

ಬೀಗದ ಹೆಸರು ಆರ್‌ಬಿ. ಇದು ನಮ್ಮದೇ ಪ್ರೋಟೀನು. ರೆಟಿನೋಬ್ಲಾಸ್ಟೋಮ ಎಂಬ ಮಕ್ಕಳ ಕಣ್ಣಿನ ಕ್ಯಾನ್ಸರ್‌ನಿಂದಾಗಿ ಬೆಳಕಿಗೆ ಬಂತು, ಹೆಸರೂ ಅದರದ್ದೇ. ನಕಲು ಕೆಲಸಕ್ಕೆ ಚಾಲನೆ ಕೊಡುವ ನಮ್ಮದೇ ಇ2ಎಫ್ ಎಂಬ ಪ್ರೋಟೀನನ್ನು (ವೈರಸ್ಸಿನ ಇ2 ಬೇರೆ) ಆರ್‌ಬಿ ಹಿಡಿದಿಟ್ಟಿರುತ್ತದೆ. ಇ7 ಬಂದು ಆರ್‌ಬಿಗೆ ಅಂಟಿಕೊಂಡರೆ ಇ2ಎಫ್ ಬಿಡುಗಡೆ. ಇ7, ಆರ್‌ಬಿ ಎರಡೂ ಅಂಟಿಕೊಳ್ಳುತ್ತವೆ ಎಂಬುದು 1989ರಲ್ಲಿ ಗೊತ್ತಾಯಿತು. 16ನೇ ಬಗೆಯ ವೈರಸ್ಸಿನ ಇ7ನಲ್ಲಿ ಇರುವುದು ಬರೀ 98 ಅಮೈನೋ ಆಮ್ಲಗಳು. ಇಷ್ಟು ಚಿಕ್ಕದು ಇಡೀ ಜೀವಕೋಶದ ಮನಸ್ಸು ಬದಲಿಸುತ್ತದೆ ಅನ್ನುವುದೇ ನನಗೆ ಸೋಜಿಗ.

ಇದಕ್ಕೆ ಪುರಾವೆ ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮ. ಕೊಲಾಜೆನ್ ಹಾಸಿನ ಮೇಲೆ ಜೀವಕೋಶಗಳನ್ನು ಬಿತ್ತಿ, ಮೇಲ್ಭಾಗಕ್ಕೆ ಗಾಳಿ ತಾಗುವಂತೆ ಇಟ್ಟರೆ ಪದರ ಪದರವಾಗಿ ಚರ್ಮ ಕಟ್ಟುತ್ತದೆ. ಇ7 ಕೆಡಿಸಿದ 16ನೇ ಬಗೆಯ ಡಿಎನ್‌ಎ ಇಂಥ ಚರ್ಮದಲ್ಲಿ ಉಳಿದುಕೊಂಡಿತು, ಆದರೆ ಮೇಲಿನ ಪದರಗಳಲ್ಲಿ ಹೆಚ್ಚಲಿಲ್ಲ.

ಎಲ್ಲ ಬಗೆಗಳ ಇ7 ಒಂದೇ ಅಲ್ಲ. ಗರ್ಭಕೊರಳಿನ ಕ್ಯಾನ್ಸರ್ ತರುವ 16 ಮತ್ತು 18ನೇ ಬಗೆಗಳಲ್ಲಿ ಅದರ ಹಿಡಿತ ಗಟ್ಟಿ. ಆ ಕ್ಯಾನ್ಸರ್‌ಗಳಲ್ಲಿ ಎಷ್ಟೋ ಸಲ ವೈರಸ್ಸಿನ ಡಿಎನ್‌ಎ ತುಂಡಾಗಿ ನಮ್ಮ ಡಿಎನ್‌ಎಯೊಳಗೆ ಸೇರಿರುತ್ತದೆ. ಆಗ ಸಾಮಾನ್ಯವಾಗಿ ಹಾಳಾಗುವುದು ಇ2 ಜೀನು. ಇ7 ಅನ್ನು ಅಂಕೆಯಲ್ಲಿ ಇಟ್ಟಿದ್ದದ್ದೂ ಅದೇ. ಅಲ್ಲಿಂದ ಹೊಸ ವೈರಸ್ ಹುಟ್ಟುವುದಿಲ್ಲ, ಅಂದರೆ ಕ್ಯಾನ್ಸರ್‌ನಿಂದ ವೈರಸ್‌ಗೂ ಲಾಭವಿಲ್ಲ.

ಈಗಿನ ಲಸಿಕೆಯಲ್ಲಿ ಇರುವುದು ವೈರಸ್ಸಿನ ಹೊರಕವಚದ ಪ್ರೋಟೀನು ಮಾತ್ರ. ಅದು ವೈರಸ್ ಒಳಗೆ ಬರದಂತೆ ತಡೆಯುತ್ತದೆ, ಆಗಲೇ ಒಳಗೆ ಕೂತು ಕೆಲಸ ಶುರು ಮಾಡಿದ ಇ7 ಅನ್ನು ಮುಟ್ಟುವುದಿಲ್ಲ. ಹಾಗಾಗಿಯೇ ಅದನ್ನು 9ರಿಂದ 14ರ ವಯಸ್ಸಿನಲ್ಲಿ, ವೈರಸ್ ತಗಲುವ ಮೊದಲೇ ಕೊಡುತ್ತಾರೆ.