ಲ್ಯೂಬೆರೋಂ ಬೆಟ್ಟದೂರುಗಳಿಗೆ ಕಾರಿನಲ್ಲಿ: ದಿನಕ್ಕೆ ಮೂರೂರು ಸಾಕು

ದಕ್ಷಿಣ ಫ್ರಾನ್ಸಿನ ಲ್ಯೂಬೆರೋಂ ಬೆಟ್ಟಸಾಲಿನ ನಕ್ಷೆ ಹರಡಿಕೊಂಡು ಕೂತವರು ಸಾಮಾನ್ಯವಾಗಿ ಕಿಲೋಮೀಟರ್ ಲೆಕ್ಕದಲ್ಲೇ ಎಡವುತ್ತಾರೆ. ಗೋರ್ಡ್‌ನಿಂದ ರೂಸಿಯೋಂ ಸುಮಾರು 10 ಕಿ.ಮೀ., ಬೊನ್ಯೂನಿಂದ ಲಾಕೋಸ್ತ್ 6, ಅಲ್ಲಿಂದ ಮೆನೆರ್ಬ್ 7. ಒಂದೇ ದಿನದಲ್ಲಿ ಆರೂರು ಮುಗಿಸಬಹುದಲ್ಲ ಅನ್ನಿಸುತ್ತದೆ. ಆಗುವುದಿಲ್ಲ. ಇಲ್ಲಿ ಹೊತ್ತು ಹೋಗುವುದು ರಸ್ತೆಯಲ್ಲಲ್ಲ. ಊರ ಬುಡದಲ್ಲಿ ಕಾರಿಗೆ ಜಾಗ ಹುಡುಕಬೇಕು, ಕಲ್ಲುಹಾಸಿನ ಏರು ಹತ್ತಿ ಇಳಿಯಬೇಕು, ಮಧ್ಯಾಹ್ನದ ಊಟದ ಹೊತ್ತು ತಪ್ಪದಂತೆ ನೋಡಿಕೊಳ್ಳಬೇಕು. ದಿನಕ್ಕೆ ಮೂರೂರು ಅಂತ ಇಟ್ಟುಕೊಂಡರೆ ಊರು ಕಣ್ಣಿಗೆ ಬೀಳುತ್ತದೆ. ಅದಕ್ಕಿಂತ ಹೆಚ್ಚಾದರೆ ಪಾರ್ಕಿಂಗ್ ಮೈದಾನಗಳಷ್ಟೇ ನೆನಪಿನಲ್ಲಿ ಉಳಿಯುತ್ತವೆ.

ಕಣಿವೆಯ ನಡುವೆ ಪೂರ್ವ–ಪಶ್ಚಿಮವಾಗಿ ಹೋಗುವ ಡಿ 900 ರಸ್ತೆಯನ್ನು ಬೆನ್ನೆಲುಬು ಅಂದುಕೊಳ್ಳಿ. ಅದರ ಉತ್ತರಕ್ಕೆ ಗೋರ್ಡ್, ರೂಸಿಯೋಂ. ದಕ್ಷಿಣಕ್ಕೆ, ಬೆಟ್ಟದ ಇಳಿಜಾರಿನಲ್ಲಿ ಒಪ್ಪೇದ್-ಲ-ವ್ಯೂ, ಮೆನೆರ್ಬ್, ಲಾಕೋಸ್ತ್, ಬೊನ್ಯೂ. ಒಂದೊಂದು ಮಗ್ಗುಲಿಗೆ ಒಂದೊಂದು ದಿನ ಕೊಡಿ, ದಕ್ಷಿಣದ ನಾಲ್ಕರಲ್ಲಿ ಮೂರನ್ನೇ ಆರಿಸಿಕೊಳ್ಳಿ. ಬೆಟ್ಟ ದಾಟಿ ಆಚೆಗಿರುವ ಲೂರ್ಮಾರಾಂಗೆ ಇನ್ನೊಂದು ದಿನ. ಫ್ರೆಂಚ್ ಲೇಖಕ ಆಲ್ಬೇರ್ ಕಮೂ 1958ರಲ್ಲಿ ಮನೆ ಕೊಂಡದ್ದು ಅಲ್ಲೇ, ಅವರ ಸಮಾಧಿ ಇರುವುದೂ ಅಲ್ಲೇ. ಪ್ಯಾರಿಸ್‌ನಿಂದ ಬರುವವರು ಅವಿನ್ಯೋಂ ಟಿಜಿವಿ (ಅತಿವೇಗದ ರೈಲು) ನಿಲ್ದಾಣದವರೆಗೆ ರೈಲಿನಲ್ಲಿ ಬಂದು ಕಾರನ್ನು ಅಲ್ಲಿ ಬಾಡಿಗೆಗೆ ತೆಗೆದುಕೊಳ್ಳುವುದು ಮೇಲು. ಅಲ್ಲಿಂದ ಗೋರ್ಡ್‌ಗೆ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ.

ಭಾರತದ ಲೈಸೆನ್ಸ್ ಇರುವವರು ಹೊರಡುವ ಮೊದಲೇ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಬೇಕು. ಅದು ಒಂದು ವರ್ಷ ಸಿಂಧು. ಫ್ರೆಂಚ್‌ನಲ್ಲಿಲ್ಲದ ಲೈಸೆನ್ಸಿಗೆ ಅಲ್ಲಿ ಅಧಿಕೃತ ಅನುವಾದ ಕೇಳುತ್ತಾರೆ, ಆ ಕೆಲಸವನ್ನು ಈ ಪರವಾನಗಿ ಮಾಡುತ್ತದೆ. ಮೂಲ ಲೈಸೆನ್ಸೂ ಜೊತೆಗಿರಬೇಕು. ಕ್ರೆಡಿಟ್ ಕಾರ್ಡ್ ಕಾರು ಓಡಿಸುವವರ ಹೆಸರಿನಲ್ಲೇ ಇರಲಿ. ಗಂಡನ ಹೆಸರಿನ ಕಾರ್ಡ್, ಹೆಂಡತಿಯ ಹೆಸರಿನ ಬುಕಿಂಗ್ ಎಂದಾದರೆ ಕೌಂಟರಿನಲ್ಲೇ ಕೆಲಸ ನಿಂತುಬಿಡಬಹುದು. ಅಲ್ಲಿನ ಬಾಡಿಗೆ ಕಾರುಗಳಲ್ಲಿ ಮ್ಯಾನುಯಲ್ ಗೇರಿನವೇ ಹೆಚ್ಚು. ಆಟೋಮ್ಯಾಟಿಕ್ ಬೇಕಿದ್ದರೆ ತಿಂಗಳುಗಳ ಮೊದಲೇ ಹೇಳಿಡಿ. ದೊಡ್ಡ ಎಸ್‌ಯುವಿ ಬೇಡವೇ ಬೇಡ. ಊರೊಳಗಿನ ಕೆಲವು ಓಣಿಗಳಲ್ಲಿ ಸಣ್ಣ ಕಾರೂ ಕನ್ನಡಿ ಮಡಚಿಕೊಂಡೇ ದಾಟಬೇಕು.

ಬಲಬದಿಯ ಚಾಲನೆಗೆ ಕೈ ಒಂದು ಗಂಟೆಯಲ್ಲಿ ಹೊಂದಿಕೊಳ್ಳುತ್ತದೆ. ತಪ್ಪಾಗುವುದು ಗಿಜಿಗುಡುವ ರಸ್ತೆಯಲ್ಲಲ್ಲ. ಬೆಳಿಗ್ಗೆ ಖಾಲಿ ಹಳ್ಳಿರಸ್ತೆಗೆ ಇಳಿಯುವಾಗ, ಬಂಕಿನಿಂದ ಹೊರಬರುವಾಗ, ಅನುಸರಿಸಲು ಮುಂದೆ ಇನ್ನೊಂದು ವಾಹನ ಇಲ್ಲದಾಗ ಹಳೇ ಅಭ್ಯಾಸ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕೂತವರು ಪ್ರತಿ ಬಾರಿ ಹೊರಡುವಾಗಲೂ ‘ಬಲಕ್ಕೆ’ ಅಂತ ಬಾಯಿಬಿಟ್ಟು ಹೇಳುವ ರೂಢಿ ಇಟ್ಟುಕೊಳ್ಳಲಿ. ನಮ್ಮ ಹೆಚ್ಚಿನ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಬಲಗೈಗೆ ಸಿಗುತ್ತದೆ, ಅಲ್ಲಿ ಎಡಗೈಗೆ. ಹಾಗಾಗಿ ಮೊದಲ ದಿನ ತಿರುವಿನಲ್ಲಿ ವೈಪರ್ ಆಡುತ್ತದೆ. ಹೊರಡುವ ಮುನ್ನ ನಿಂತಲ್ಲೇ ನಾಲ್ಕು ಸಲ ಆಡಿಸಿ ನೋಡಿ.

ನಮ್ಮವರಿಗೆ ಅಷ್ಟು ಪರಿಚಯವಿಲ್ಲದ ನಿಯಮವೊಂದಿದೆ, ಅದು ನಿಜಕ್ಕೂ ಅಪಾಯದ್ದು: ‘ಪ್ರಿಯೋರಿತೆ ಆ ದ್ರುವಾತ್’. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೇ ಮೊದಲ ಹಕ್ಕು. ಅದು ಸಂದಿಯಂಥ ಓಣಿಯಾದರೂ ಅಷ್ಟೇ, ಆ ಊರಿನವರು ನಿಲ್ಲಿಸದೆ ನುಗ್ಗುತ್ತಾರೆ. ಬಿಳಿ ಅಂಚಿನ ಹಳದಿ ವಜ್ರಾಕೃತಿ ಫಲಕ ಕಂಡರೆ ನಿಮ್ಮದು ಮುಖ್ಯರಸ್ತೆ. ಅದರ ಮೇಲೆ ಕಪ್ಪು ಗೆರೆ ಎಳೆದಿದ್ದರೆ ಆ ಹಕ್ಕು ಮುಗಿಯಿತು, ಪ್ರತಿ ಓಣಿಗೂ ವೇಗ ಇಳಿಸಿ. ವೃತ್ತಗಳಲ್ಲಿ ಮಾತ್ರ, ಒಳಗಾಗಲೇ ಸುತ್ತುತ್ತಿರುವವರಿಗೆ, ಅಂದರೆ ನಿಮ್ಮ ಎಡಗಡೆಯಿಂದ ಬರುವವರಿಗೆ, ದಾರಿ ಬಿಡಬೇಕು. ಕೆಂಪು ಅಂಚಿನ ಊರ ಹೆಸರಿನ ಫಲಕ ಕಂಡಲ್ಲಿಂದ ವೇಗದ ಮಿತಿ 50, ಬೇರೆ ಬರೆದಿರದಿದ್ದರೆ. ಹಳ್ಳಿರಸ್ತೆಯಲ್ಲಿ ಸಾಮಾನ್ಯವಾಗಿ 80. ಊರಾಚೆ ಸೈಕಲ್ ಸವಾರರನ್ನು ದಾಟುವಾಗ ಒಂದೂವರೆ ಮೀಟರ್ ಅಂತರ ಬಿಡುವುದು ಕಾನೂನು, ಮತ್ತು ಈ ಸೀಮೆಯಲ್ಲಿ ಸೈಕಲ್ಲುಗಳು ಬಹಳ.

ಬಂಕಿನಲ್ಲಿ ‘ಗಜೋಲ್’ ಎಂದರೆ ಡೀಸೆಲ್. ‘ಗ್ಯಾಸೊಲಿನ್’ ಎಂದು ಓದಿಕೊಂಡು ಪೆಟ್ರೋಲ್ ಕಾರಿಗೆ ತುಂಬಿಸಿದರೆ ಪ್ರವಾಸ ಅಲ್ಲಿಗೇ ನಿಲ್ಲುತ್ತದೆ, ಖರ್ಚೆಲ್ಲ ನಿಮ್ಮ ತಲೆಗೆ. ಪೆಟ್ರೋಲಿಗೆ ‘ಎಸ್‌ಪಿ 95’ ಅಥವಾ ‘98’, ವೃತ್ತದೊಳಗೆ ಇ 5, ಇ 10 ಎಂಬ ಗುರುತು. ಡೀಸೆಲ್ಲಿಗೆ ಚೌಕದೊಳಗೆ ಬಿ 7. ಅದೇ ಗುರುತು ಹೊಸ ಕಾರಿನ ಟ್ಯಾಂಕ್ ಮುಚ್ಚಳದ ಒಳಗೂ ಇರುತ್ತದೆ, ಎರಡನ್ನೂ ತಾಳೆ ನೋಡಿ. ಭಾನುವಾರ ಆಳಿಲ್ಲದ ಪಂಪುಗಳು ಕಾರ್ಡಿನ ಪಿನ್ ಕೇಳುತ್ತವೆ, ಕೆಲವೊಮ್ಮೆ ವಿದೇಶಿ ಕಾರ್ಡನ್ನು ಒಪ್ಪುವುದೇ ಇಲ್ಲ. ಶನಿವಾರ ಸಂಜೆಯೇ ತುಂಬಿಸಿಡಿ.

ಪಾರ್ಕಿಂಗ್ ವಿಷಯಕ್ಕೆ ಜಿಪಿಎಸ್ಸನ್ನು ನಂಬಬೇಡಿ. ಊರ ಹೆಸರು ಕೊಟ್ಟರೆ ಅದು ಚರ್ಚಿನ ಬಾಗಿಲಿಗೇ ಕರೆದೊಯ್ಯಲು ನೋಡುತ್ತದೆ. ‘ಸೋಫ್ ರಿವರಾಂ’ ಎಂದು ಬರೆದಿದ್ದರೆ ನಿವಾಸಿಗಳಿಗೆ ಮಾತ್ರ ಎಂದರ್ಥ. ಊರ ಕೆಳಗಿನ ಮೈದಾನದ ಹೆಸರನ್ನೇ ಜಿಪಿಎಸ್‌ಗೆ ಕೊಡಿ, ಹತ್ತು ಗಂಟೆಯೊಳಗೆ ತಲುಪಿ. ಸಂತೆಯ ದಿನ ಚೌಕದಲ್ಲಿ ರಾತ್ರಿ ಬಿಟ್ಟ ಕಾರನ್ನು ಬೆಳಗಿನ ಜಾವವೇ ಎತ್ತಿಕೊಂಡು ಹೋಗುತ್ತಾರೆ. ಗೋರ್ಡ್‌ನಲ್ಲಿ ಮಂಗಳವಾರ, ರೂಸಿಯೋಂನಲ್ಲಿ ಗುರುವಾರ, ಬೊನ್ಯೂ ಮತ್ತು ಲೂರ್ಮಾರಾಂನಲ್ಲಿ ಶುಕ್ರವಾರ, ಕಣಿವೆಯ ಪಟ್ಟಣ ಆಪ್ತ್‌ನಲ್ಲಿ ಶನಿವಾರ ಸಂತೆ. ಚೀಸ್, ಹಣ್ಣು, ಆಲಿವ್ ಬೇಕಿದ್ದರೆ ಆ ದಿನವೇ ಹೋಗಿ. ಊರನ್ನು ನೋಡುವುದೇ ಉದ್ದೇಶವಾದರೆ ಬೇರೆ ದಿನ ಹೋಗಿ.

ಊಟ ಹನ್ನೆರಡರಿಂದ ಎರಡು. ಒಂದೂವರೆ ದಾಟಿದ ಮೇಲೆ ಹೋದವರಿಗೆ ಹಲವು ಕಡೆ ಕಾಫಿಯಷ್ಟೇ ಸಿಗುತ್ತದೆ, ಅಡುಗೆಮನೆ ಮತ್ತೆ ತೆರೆಯುವುದು ಸಂಜೆ ಏಳಕ್ಕೆ. ಸಸ್ಯಾಹಾರಿಗಳು ಒಂದು ಮಾತು ಗಮನಿಸಬೇಕು: ಕಪ್ಪು ಆಲಿವ್ ಅರೆದ ‘ತಪನಾದ್’ ನಮ್ಮ ಚಟ್ನಿಯಂತೆ ಕಂಡರೂ ಸಾಂಪ್ರದಾಯಿಕವಾಗಿ ಅದರಲ್ಲಿ ಆಂಚೊವಿ ಮೀನಿರುತ್ತದೆ. ಬಿಸಿ ಮೇಕೆ ಚೀಸಿನ ಸಲಾಡಿನಲ್ಲಿ ಹಂದಿಮಾಂಸದ ಚೂರುಗಳಿರಬಹುದು. ‘ಸಾಂ ವಿಯಾಂದ್, ಸಾಂ ಪುವಾಸೋಂ’, ಅಂದರೆ ಮಾಂಸವೂ ಬೇಡ, ಮೀನೂ ಬೇಡ, ಎಂದು ಎರಡನ್ನೂ ಹೇಳಿ. ಒಂದು ಹೇಳಿದರೆ ಇನ್ನೊಂದು ಬಂದೀತು.

ಊರುಗಳು ಹೀಗೆ ಗುಡ್ಡದ ನೆತ್ತಿ ಹಿಡಿದು ಕೂತದ್ದು ರಕ್ಷಣೆಗಾಗಿ. ಉಳುವ ನೆಲವೆಲ್ಲ ಕೆಳಗೆ ಉಳಿಯಿತು. ಕಾಲ ಶಾಂತವಾದ ಮೇಲೆ ಜನ ಹೊಲದ ಹತ್ತಿರಕ್ಕೆ ಇಳಿದರು. ಒಪ್ಪೇದ್-ಲ-ವ್ಯೂನ ಮೇಲಿನ ಪಾಳುಮನೆಗಳು ಹಾಗೆ ಖಾಲಿಯಾದವು. ನಡೆಯುವಾಗ ಗಂಟೆಗೋಪುರಗಳತ್ತ ತಲೆ ಎತ್ತಿ ನೋಡಿ: ಹಲವುದರ ತುದಿಯಲ್ಲಿ ಕಲ್ಲಿನ ಶಿಖರವಿಲ್ಲ, ಪಂಜರದಂಥ ಕಬ್ಬಿಣದ ಚೌಕಟ್ಟಿನೊಳಗೆ ಗಂಟೆ ತೂಗುತ್ತದೆ. ಉತ್ತರದಿಂದ ಬೀಸುವ ಮಿಸ್ತ್ರಾಲ್ ಗಾಳಿ ಸರಳುಗಳ ನಡುವೆ ಹಾದುಹೋಗಲಿ ಅಂತ ಮಾಡಿದ ಉಪಾಯ ಅದು. ಹಳೆಯ ತೋಟದ ಮನೆಗಳ ಉತ್ತರದ ಗೋಡೆಗೆ ಕಿಟಕಿ ಅಪರೂಪವಾಗಿರುವುದಕ್ಕೂ ಅದೇ ಕಾರಣ. ಗಾಳಿ ಜೋರಾದ ಬೇಸಿಗೆಯ ದಿನ ಕಾಡ್ಗಿಚ್ಚಿನ ಭಯಕ್ಕೆ ಕಾಡಿನ ದಾರಿಗಳನ್ನು ಮುಚ್ಚುತ್ತಾರೆ. ಹಿಂದಿನ ಸಂಜೆಯೇ ವಿಚಾರಿಸಿಕೊಳ್ಳಿ.

ರೂಸಿಯೋಂನ ಕೆಮ್ಮಣ್ಣಿನ ಹಾದಿಗೆ ಟಿಕೆಟ್ ಇದೆ. ಅರ್ಧ ಗಂಟೆಯದೊಂದು ಸುತ್ತು, ಸುಮಾರು ಒಂದು ಗಂಟೆಯದೊಂದು. ಆ ಪುಡಿ ಬಿಳಿ ಬಟ್ಟೆಗೂ ಶೂಗೂ ಹತ್ತಿದರೆ ಬಿಡುವುದು ಕಷ್ಟ, ಹಳೆಯದನ್ನೇ ತೊಟ್ಟು ಹೋಗಿ. ಅಲ್ಲಿಂದ ಬೊನ್ಯೂಗೆ ಹೊರಟಾಗ ಡಿ 900 ಬಳಿ ಹತ್ತು ನಿಮಿಷ ಇಳಿಯಬೇಕಾದ ಜಾಗವಿದೆ: ಕಲಾವೋಂ ನದಿಗೆ ರೋಮನ್ನರು ಕ್ರಿ.ಪೂ. 3ರಲ್ಲಿ ಕಟ್ಟಿದ ಪೋಂ ಜ್ಯೂಲಿಯಾಂ ಸೇತುವೆ. ಕಮಾನು ಮೂರು, ಕಂಬಗಳಲ್ಲಿ ನೆರೆನೀರು ಹಾದುಹೋಗಲು ಕೊರೆದಿಟ್ಟ ಕಿಂಡಿಗಳು. 2005ರವರೆಗೂ ಅದರ ಮೇಲೆ ಕಾರುಗಳು ಓಡಾಡುತ್ತಿದ್ದವು. ಈಗ ಪಕ್ಕದ ಹೊಸ ಸೇತುವೆಯಲ್ಲಿ ದಾಟಿ, ಕಾರು ಬದಿಗಿಟ್ಟು, ಹಳೆಯದರ ಮೇಲೆ ನಡೆದು ಹೋಗಬಹುದು.