ಮುಂದೆ ಒಂದು ಹಲ್ಲು, ಹಿಂದೆ ಮೂರು ಹಲ್ಲು

ಶಿರಸಿಯಲ್ಲಿ ಸೆಕೆಂಡ್ ಹ್ಯಾಂಡ್ ಬೈಕ್ ಕೊಂಡವರು ‘ದೇವಿಮನೆ ಘಟ್ಟದಲ್ಲಿ ಗಾಡಿ ಎಳೆಯೋದಿಲ್ಲ’ ಎಂದರೆ ಸಾಮಾನ್ಯವಾಗಿ ಸಿಗುವ ಸಲಹೆ: ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಕಡಿಮೆಯದು ಹಾಕಿಸಿ. (ಸ್ಪ್ರಾಕೆಟ್ ಎಂದರೆ ಚೈನ್ ಕೂರುವ ಹಲ್ಲಿನ ಗಾಲಿ; ಮುಂದಿನದು ಎಂಜಿನ್ ಬದಿಗೆ, ಹಿಂದಿನದು ಹಿಂದಿನ ಚಕ್ರಕ್ಕೆ.) ಕಾರವಾರ–ಹೊನ್ನಾವರ ಹೆದ್ದಾರಿಯಲ್ಲಿ ದಿನಾ ಓಡಾಡುವವರು ‘ಮೈಲೇಜ್ ಸಾಲದು’ ಎಂದರೆ ಅದರ ಉಲ್ಟಾ: ಒಂದು ಹಲ್ಲು ಜಾಸ್ತಿಯದು ಹಾಕಿಸಿ. ಎರಡೂ ಮಾತಿನಲ್ಲಿ ಸತ್ಯವಿದೆ. ಎಷ್ಟು ಸತ್ಯ ಎಂಬುದು ಮಾತ್ರ ಲೆಕ್ಕ ಹಾಕಿದರೇ ಗೊತ್ತಾಗುವುದು, ಆ ಲೆಕ್ಕ ಬರೀ ಭಾಗಾಕಾರ.

ಚಿಕ್ಕ ಬೈಕುಗಳಲ್ಲಿ ಮುಂದೆ 14, ಹಿಂದೆ 42 ಹಲ್ಲು ಇರುವುದುಂಟು. 42ನ್ನು 14ರಿಂದ ಭಾಗಿಸಿದರೆ 3. ಅಂದರೆ ಹಿಂದಿನ ಚಕ್ರ ಒಂದು ಸುತ್ತು ತಿರುಗಲು ಮುಂದಿನ ಸ್ಪ್ರಾಕೆಟ್ ಮೂರು ಸುತ್ತು ತಿರುಗಬೇಕು. ಮುಂದೆ 13 ಹಾಕಿದರೆ ಅನುಪಾತ 3.23, ಚಕ್ರಕ್ಕೆ ಸಿಗುವ ತಿರುಚುಬಲ (ಟಾರ್ಕ್) ಶೇ. 7.7 ಹೆಚ್ಚು, ಅದೇ ಎಂಜಿನ್ ವೇಗಕ್ಕೆ ಗಾಡಿಯ ವೇಗ ಶೇ. 7.1 ಕಡಿಮೆ. 15 ಹಾಕಿದರೆ 2.80; ತಿರುಚುಬಲ ಶೇ. 6.7 ಕಡಿಮೆ, ವೇಗ ಶೇ. 7.1 ಹೆಚ್ಚು. ಹಿಂದಿನದನ್ನು ಬದಲಿಸಿ ಮುಂದೆ 13 ಹಾಕಿದಷ್ಟೇ ಫಲ ಪಡೆಯಬೇಕಾದರೆ 42ರ ಜಾಗದಲ್ಲಿ 45 ಹಾಕಬೇಕು. ಮುಂದಿನ ಒಂದು ಹಲ್ಲಿಗೆ ಹಿಂದಿನ ಮೂರು ಹಲ್ಲು ಸಮ ಎನ್ನುವುದು ಹೀಗೆ. ಎಂಜಿನ್ನಿನ ಶಕ್ತಿ ಮಾತ್ರ ಎಲ್ಲಿಯೂ ಹೆಚ್ಚಿಲ್ಲ. ವೇಗ ಬಿಟ್ಟುಕೊಟ್ಟು ಎಳೆತ ಪಡೆದಿದ್ದೇವೆ, ಇಲ್ಲವೇ ಎಳೆತ ಬಿಟ್ಟುಕೊಟ್ಟು ವೇಗ.

ಈ ಶೇ. 7.7 ಘಟ್ಟದಲ್ಲಿ ಎಷ್ಟರಮಟ್ಟಿಗೆ ನೆರವಾಗುತ್ತದೆ? ಗಾಡಿ, ಸವಾರ, ಹಿಂದೆ ಕೂತವರು ಎಲ್ಲ ಸೇರಿ 260 ಕಿಲೋ ಎಂದುಕೊಳ್ಳಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಗುರುತ್ವವೊಂದೇ ಸುಮಾರು 21 ಕಿಲೋ ತೂಕದಷ್ಟು ಬಲದಿಂದ ಹಿಂದಕ್ಕೆ ಎಳೆಯುತ್ತಿರುತ್ತದೆ. ಈ ಭಾರದಲ್ಲಿ 20 ಕಿಲೋ ಇಳಿಸಿದರೆ ಎಳೆತದ ಹೊರೆ ಶೇ. 7.7 ತಗ್ಗುತ್ತದೆ. ಎಂದರೆ ಮುಂದಿನ ಒಂದು ಹಲ್ಲು ಕಡಿಮೆ ಮಾಡುವುದೂ ಗಾಡಿಯ ಮೇಲಿನ 20 ಕಿಲೋ ಅಡಿಕೆ ಚೀಲ ಇಳಿಸುವುದೂ ಹೆಚ್ಚುಕಡಿಮೆ ಒಂದೇ. ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದರೋ, ನಾಲ್ಕು ಗೇರಿನ ನೂರು ಸಿಸಿ ಗಾಡಿಯಲ್ಲಿ ಎಳೆತ ಶೇ. 35ರಿಂದ 40ರಷ್ಟು ಏರುತ್ತದೆ. ಗೇರ್ ಇಳಿಸಿದರೂ ಘಟ್ಟ ಹತ್ತದ ಗಾಡಿಯನ್ನು ಒಂದು ಹಲ್ಲು ಹತ್ತಿಸಲಾರದು. ಅಂಥ ಗಾಡಿಯಲ್ಲಿ ಸವೆದ ಕ್ಲಚ್ ಪ್ಲೇಟ್, ಕಂಪ್ರೆಷನ್ ಕಳೆದುಕೊಂಡ ಎಂಜಿನ್, ಕಟ್ಟಿಕೊಂಡ ಏರ್ ಫಿಲ್ಟರ್, ಚಕ್ರಕ್ಕೆ ಉಜ್ಜುತ್ತಿರುವ ಬ್ರೇಕ್ ಶೂ ಇವುಗಳಲ್ಲಿ ಯಾವುದೋ ಒಂದು ಇದೆ. ಒಂದು ಹಲ್ಲು ಉಪಯೋಗಕ್ಕೆ ಬರುವುದು ಗಾಡಿ ಸರಿಯಾಗಿದ್ದು, ಮೂರನೇ ಗೇರಿನಲ್ಲಿ ಸ್ವಲ್ಪದರಲ್ಲಿ ಏದುಸಿರು ಬಿಡುತ್ತಿದ್ದರೆ ಮಾತ್ರ.

15 ಹಲ್ಲಿನ ಸಲಹೆಗೂ ಇಂಥದೇ ಮಿತಿ ಇದೆ. ಟಾಪ್ ಗೇರಿನಲ್ಲಿ 50 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುತ್ತಿದ್ದರೆ, 15 ಹಾಕಿದ ಮೇಲೆ ಸುಮಾರು 4,670 ಸುತ್ತು ಸಾಕು. ಒಳಗಿನ ಘರ್ಷಣೆ ಕಡಿಮೆಯಾಗಿ ಸಮತಟ್ಟು ರಸ್ತೆಯಲ್ಲಿ ಪೆಟ್ರೋಲ್ ಒಂದಿಷ್ಟು ಉಳಿಯಬಹುದು. ಗರಿಷ್ಠ ವೇಗ ಏರುತ್ತದೆ ಎನ್ನುವುದನ್ನು ಮಾತ್ರ ನಂಬಬೇಡಿ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 60ರಿಂದ 66ಕ್ಕೆ ಹೋಗಲು ಅದು ಶೇ. 33 ಹೆಚ್ಚು ಬೇಕು. ಸಣ್ಣ ಎಂಜಿನ್ನಿನಲ್ಲಿ ಅಷ್ಟು ಮಿಗುವುದಿಲ್ಲ. ಎದುರಿಗೆ ಕಡಲಗಾಳಿ ಬೀಸಿದಾಗ ಟಾಪ್ ಗೇರ್ ನಿಲ್ಲದೆ ಮತ್ತೆ ಮತ್ತೆ ಮೂರಕ್ಕೆ ಇಳಿಸಬೇಕಾದರೆ ಉಳಿಸಿದ ಪೆಟ್ರೋಲೂ ಹೋಯಿತು.

ಇಳಿಜಾರಿನ ವಿಷಯ ಸಲಹೆ ಕೊಡುವವರ ಬಾಯಲ್ಲಿ ಬರುವುದೇ ಅಪರೂಪ. ಶಿರಸಿ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 600 ಮೀಟರ್ ಎತ್ತರದಲ್ಲಿದೆ. ಅದೇ 260 ಕಿಲೋ ಭಾರ ದೇವಿಮನೆ ಘಟ್ಟದ ಮೂಲಕ ಕಡಲತೀರದ ಕುಮಟಾಕ್ಕೆ ಇಳಿಯುವಷ್ಟರಲ್ಲಿ 15 ಲಕ್ಷ ಜೂಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು. ಐದು ಲೀಟರ್ ತಣ್ಣೀರು ಕುದಿಸುವಷ್ಟು ಶಾಖ ಅದು. ಗಾಳಿ ಒಂದಿಷ್ಟು ತಿನ್ನುತ್ತದೆ, ಎಂಜಿನ್ ಒಂದಿಷ್ಟು ಹಿಡಿಯುತ್ತದೆ, ಉಳಿದದ್ದು ಬ್ರೇಕಿನ ಪಾಲು. 15 ಹಲ್ಲು ಹಾಕಿದ ಗಾಡಿಯಲ್ಲಿ ಎಂಜಿನ್ನಿನ ಹಿಡಿತ ಸಡಿಲವಾಗಿ ಡ್ರಮ್ ಬ್ರೇಕ್ ಇನ್ನಷ್ಟು ಕಾಯುತ್ತದೆ, ಕಾದಂತೆ ಹಿಡಿಯುವುದು ಕಡಿಮೆಯಾಗುತ್ತದೆ. ಘಟ್ಟ ಹತ್ತಿಳಿಯುವವರು 15ರ ಗೊಡವೆಗೇ ಹೋಗಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಹಲ್ಲು ಬದಲಿಸುವ ಮೊದಲು ಈಗ ಎಷ್ಟು ಹಲ್ಲಿದೆ ಎಂದು ಎಣಿಸಿ. ಹಳೇ ಮಾಲೀಕರು ಆಗಲೇ ಬದಲಿಸಿರಬಹುದು. ಚಾಕ್‌ಪೀಸಿನಿಂದ ಒಂದು ಹಲ್ಲಿಗೆ ಗುರುತು ಹಾಕಿ ಎಣಿಸಿದರಾಯಿತು; ಎಷ್ಟೋ ಸ್ಪ್ರಾಕೆಟ್‌ಗಳ ಮೇಲೆ ಸಂಖ್ಯೆಯೂ ಒತ್ತಿರುತ್ತದೆ. ಆಮೇಲೆ ಚೈನ್ ಅಳೆಯಿರಿ. ಚಿಕ್ಕ ಬೈಕುಗಳ 428 ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 12.7 ಮಿ.ಮೀ. ಚೈನನ್ನು ಬಿಗಿಯಾಗಿ ಎಳೆದು ಹಿಡಿದು ಮೊದಲ ಪಿನ್ನಿನಿಂದ 21ನೇ ಪಿನ್ನಿನವರೆಗೆ ಅಳೆದರೆ ಹೊಸದರಲ್ಲಿ 254 ಮಿ.ಮೀ. 259 ಬಂದರೆ ಶೇ. 2 ಉದ್ದವಾಗಿದೆ, ಅದರ ಕಾಲ ಮುಗಿಯಿತು. ಕೆಲವು ಕಂಪನಿಗಳ ಮಿತಿ ಇದಕ್ಕಿಂತ ಬಿಗಿ, ಹಾಗಾಗಿ ಕೈಪಿಡಿ ನೋಡಿ. ಚೈನ್ ‘ಹಿಗ್ಗುತ್ತದೆ’ ಎನ್ನುತ್ತೇವೆ, ಆದರೆ ಉಕ್ಕು ಹಿಗ್ಗಿರುವುದಿಲ್ಲ. ಪ್ರತಿ ಪಿನ್ನೂ ಅದು ಕೂತಿರುವ ಕೊಳವೆಯಾದ ಬುಷ್ಷೂ ಉಜ್ಜಿ ಸವೆದ ಸಂದುಗಳೆಲ್ಲ ಕೂಡಿ ಅಷ್ಟು ಉದ್ದವಾಗುತ್ತವೆ. ಕರಾವಳಿಯ ಉಪ್ಪುಗಾಳಿ, ಚಿರೆಕಲ್ಲಿನ ಕೆಂಪು ರಾಡಿ, ನಾಲ್ಕು ತಿಂಗಳ ಮಳೆ ಮೂರೂ ಸೇರಿ ಈ ಸವೆತವನ್ನು ಬೇಗ ಮಾಡುತ್ತವೆ.

ಈ ಕಾರಣಕ್ಕೇ ‘ಬರೀ ಮುಂದಿನದು ಬೇಡ, ಚೈನ್ ಸೆಟ್ ಪೂರ್ತಿ ಹಾಕಿಸಿ’ (ಚೈನ್ ಮತ್ತು ಎರಡೂ ಸ್ಪ್ರಾಕೆಟ್) ಎಂದು ಡೀಲರ್ ಹೇಳಿದರೆ ವ್ಯಾಪಾರದ ಮಾತೆಂದು ತಳ್ಳಿಹಾಕಬೇಡಿ. ಉದ್ದವಾದ ಚೈನ್ ಹೊಸ ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೆ ಹತ್ತಿ ಅದನ್ನೂ ಕೊಕ್ಕೆಯಂತೆ ಸವೆಸುತ್ತದೆ. ಚೈನ್ ಅಳತೆಯಲ್ಲಿ 255ರ ಒಳಗಿದ್ದು ಹಿಂದಿನ ಹಲ್ಲುಗಳು ಎರಡೂ ಬದಿ ಒಂದೇ ಸಮ ಇದ್ದರೆ ಮುಂದಿನದೊಂದೇ ಬದಲಿಸಬಹುದು. ‘ಇದು ಎಲ್ಲಾ ಗಾಡಿಗೂ ಕೂರುತ್ತದೆ’ ಎಂಬ ಮಾತು ಮಾತ್ರ ತಪ್ಪು. ಸ್ಪ್ರಾಕೆಟ್ ಕೂರುವ ಶಾಫ್ಟಿನ ಉದ್ದ ಗೀರುಗಳ ಸಂಖ್ಯೆ, ಬೋಲ್ಟ್ ತೂತುಗಳ ಅಂತರ, ಸ್ಪ್ರಾಕೆಟ್ಟಿನ ದಪ್ಪ ಮಾದರಿಯಿಂದ ಮಾದರಿಗೆ ಬೇರೆ. ಚಾಸಿ ನಂಬರ್ ಕೊಟ್ಟು ಕಂಪನಿ ಹಾಕಿದ ಹಲ್ಲೆಷ್ಟು ಎಂದು ಕೇಳಿ, ಪಾರ್ಟ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಪಿಕಪ್ಪೂ ಟಾಪ್ ಸ್ಪೀಡೂ ಎರಡೂ ಹೆಚ್ಚುತ್ತದೆ ಎಂದವರಿಗೆ ಅನುಪಾತ ಎಷ್ಟರಿಂದ ಎಷ್ಟಕ್ಕೆ ಹೋಗುತ್ತದೆ ಎಂದು ಕೇಳಿ ನೋಡಿ.

ಕೆಲಸ ದೊಡ್ಡದಲ್ಲ. ಎಂಜಿನ್ ಆರಿಸಿ, ಕೀ ತೆಗೆದು, ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ. ಮುಂದಿನ ಸ್ಪ್ರಾಕೆಟ್ಟಿನ ಬೋಲ್ಟುಗಳನ್ನು ಚೈನ್ ಇರುವಾಗಲೇ, ಗೇರ್ ಹಾಕಿ ಹಿಂದಿನ ಬ್ರೇಕ್ ಒತ್ತಿ ಹಿಡಿಸಿಕೊಂಡು ಸಡಿಲಿಸಬೇಕು. ಆಮೇಲೆ ನ್ಯೂಟ್ರಲ್‌ಗೆ ತಂದು ಹಿಂದಿನ ಆಕ್ಸೆಲ್ ಸಡಿಲಿಸಿ, ಚೈನ್ ಬಿಚ್ಚಿ. ಅನೇಕ ಚಿಕ್ಕ ಗಾಡಿಗಳಲ್ಲಿ ಎರಡು ಸಣ್ಣ ಬೋಲ್ಟಿನ ಲಾಕ್ ಪ್ಲೇಟ್ ಇರುತ್ತದೆ. ಅದನ್ನು ಸ್ವಲ್ಪ ತಿರುಗಿಸಿದರೆ ಕಳಚಿ ಬರುತ್ತದೆ. ಹಿಂದೆ ಕಟ್ಟಿದ ರಾಡಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಆಯಿಲ್ ಸೀಲ್ ಜಿನುಗುತ್ತಿದೆಯೇ ನೋಡಿ. ಹೊಸದು ಕೈಯಲ್ಲೇ ಜಾರಿ ಕೂರಬೇಕು, ಸುತ್ತಿಗೆ ಬೇಕಾಯಿತೆಂದರೆ ಅದು ನಿಮ್ಮ ಗಾಡಿಯದಲ್ಲ. 13 ಹಾಕಿದರೆ ಚಕ್ರ ಸುಮಾರು 3 ಮಿ.ಮೀ. ಹಿಂದೆ ಸರಿಯುತ್ತದೆ, ಹಿಂದೆ 45 ಹಾಕಿದರೆ ಸುಮಾರು 10 ಮಿ.ಮೀ. ಮುಂದೆ. ಬ್ರೇಕ್ ರಾಡಿನ ನಟ್ಟನ್ನೂ ಅದಕ್ಕೆ ತಕ್ಕಂತೆ ಮತ್ತೆ ಹೊಂದಿಸಬೇಕು. ಚೈನಿನ ಎರಡು ತುದಿ ಸೇರಿಸುವ ಕೊಂಡಿಯ ಕ್ಲಿಪ್ಪಿನ ಬಾಯಿ ಚೈನ್ ಸಾಗುವ ದಿಕ್ಕಿಗೆ ವಿರುದ್ಧವಾಗಿರಲಿ; ತಿರುಗುಮುರುಗಾದರೆ ಏನಾದರೂ ತಾಗಿದಾಗ ಕ್ಲಿಪ್ ಹಾರಿ ಚೈನ್ ಬಿಚ್ಚಿಕೊಳ್ಳುತ್ತದೆ. ಸಡಿಲು ಎಷ್ಟಿರಬೇಕೆಂದು ಕೈಪಿಡಿಯಲ್ಲಿದೆ, ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಚಕ್ರ ತಿರುಗಿಸಿ ಎಲ್ಲಿ ಅತಿ ಬಿಗಿಯೋ ಅಲ್ಲಿ ಅಳೆಯಿರಿ.

45 ಹಲ್ಲಿನದು ಚೈನ್ ಕವರಿಗೆ ಉಜ್ಜುತ್ತದೆಂದು ಕವರನ್ನೇ ಕಿತ್ತುಹಾಕುವ ಗ್ಯಾರೇಜುಗಳಿವೆ. ನಮ್ಮ ಮಳೆಯಲ್ಲಿ ಇದು ದೊಡ್ಡ ನಷ್ಟ. ಪೂರ್ತಿ ಮುಚ್ಚಿದ ಕವರಿನ ಗಾಡಿಗೆ ಮುಂದಿನ 13 ವಾಸಿ. ಅದಕ್ಕೂ ಬೆಲೆಯಿದೆ: ಹಲ್ಲು ಕಡಿಮೆಯಾದಷ್ಟೂ ಕೊಂಡಿ ಹೆಚ್ಚು ಮಡಚಬೇಕು, 14ರಲ್ಲಿ 25.7 ಡಿಗ್ರಿ, 13ರಲ್ಲಿ 27.7. ಸ್ಪ್ರಾಕೆಟ್ ವೃತ್ತವಲ್ಲದೆ ಬಹುಭುಜವಾದ್ದರಿಂದ ಪ್ರತಿ ಹಲ್ಲಿಗೂ ಚೈನಿನ ವೇಗ ಏರಿಳಿಯುತ್ತದೆ. 14ರಲ್ಲಿ ಈ ಏರಿಳಿತ ಶೇ. 2.5, 13ರಲ್ಲಿ ಶೇ. 2.9. ಸವೆತ ಬೇಗ, ಸದ್ದೂ ತುಸು ಹೆಚ್ಚು. ಮಳೆಗಾಲದಲ್ಲಿ 300 ಕಿ.ಮೀ.ಗೊಮ್ಮೆ ಒರೆಸಿ 90 ಗ್ರೇಡ್ ಗೇರ್ ಆಯಿಲ್ ಬಿಡಿ.

ಸ್ಪೀಡೋಮೀಟರ್ ಕೇಬಲ್ ಮುಂದಿನ ಚಕ್ರದಿಂದ ಬರುತ್ತಿದ್ದರೆ ಇದರಿಂದ ಏನೂ ವ್ಯತ್ಯಾಸವಿಲ್ಲ. ಗೇರ್‌ಬಾಕ್ಸಿನಿಂದ ಓದುವ ಗಾಡಿಯಲ್ಲಿ 13 ಹಾಕಿದರೆ ಮೀಟರ್ ಶೇ. 7.7 ಹೆಚ್ಚು ತೋರಿಸುತ್ತದೆ, ನಿಜಕ್ಕೂ ಓಡಿದ್ದು 100 ಕಿ.ಮೀ. ಆದರೆ ಮೀಟರಿನಲ್ಲಿ ಸುಮಾರು 108. ಇದನ್ನು ಕಳೆಯದೆ ಮೈಲೇಜ್ ಲೆಕ್ಕ ಹಾಕಿದರೆ ಇಲ್ಲದ ಲಾಭ ಕಾಣುತ್ತದೆ. 15ರಲ್ಲಿ ಅಪಾಯ ಉಲ್ಟಾ: ಮೀಟರ್ 60 ತೋರಿಸುವಾಗ ಗಾಡಿ 64ರಲ್ಲಿರುತ್ತದೆ. ಬದಲಿಸಿದ ದಿನಾಂಕ, ಆಗಿನ ಕಿ.ಮೀ., ಹಲ್ಲಿನ ಸಂಖ್ಯೆ ಬರೆದು ಆರ್‌ಸಿ ಜೊತೆಗೇ ಇಡಿ. ಹಳೆಯ ಸ್ಪ್ರಾಕೆಟ್ ಚೆನ್ನಾಗಿದ್ದರೆ ಎಣ್ಣೆ ಹಚ್ಚಿ ಕಟ್ಟಿಟ್ಟು, ಗಾಡಿ ಮಾರುವಾಗ ಎರಡನ್ನೂ ಕೊಂಡವರ ಕೈಗೆ ಕೊಡಿ.