ಸ್ಕಾರ್ಫಿನ ವಯಸ್ಸು ಹೇಳುವ ಕಟ್ಟಡಗಳು

ಪ್ರವಾಸಿಗರು ನೆನಪಿಗೆಂದು ಕೊಳ್ಳುತ್ತಿದ್ದ ಹಳೆಯ ಸ್ಕಾರ್ಫುಗಳ ಮೇಲೆ ಇಸವಿ ಇರುವುದು ಅಪರೂಪ. ನಗರದ ಹೆಸರು, ಸುತ್ತ ನಾಲ್ಕಾರು ಪ್ರಸಿದ್ಧ ಕಟ್ಟಡಗಳು, ಒಂದು ಬಾವುಟ, ಅಂಚಿಗೊಂದು ಗಾಢ ಬಣ್ಣದ ಪಟ್ಟಿ, ಅಷ್ಟೇ. ಆದರೂ ಆ ಚಿತ್ರಗಳನ್ನೇ ನೋಡಿ ವಯಸ್ಸು ಕಂಡುಹಿಡಿಯಬಹುದು.

ಬಂಡೆಯ ಪದರದ ಕಾಲವನ್ನು ಭೂವಿಜ್ಞಾನಿಗಳು ಪಳೆಯುಳಿಕೆಗಳಿಂದ ಗುರುತಿಸುವುದು ಹೀಗೆಯೇ. ಪ್ರತಿ ಜೀವಿಯೂ ಒಂದು ಅವಧಿಯಲ್ಲಿ ಮಾತ್ರ ಬದುಕಿತ್ತು. ಎರಡು ಮೂರು ಬಗೆಯ ಜೀವಿಗಳು ಒಂದೇ ಪದರದಲ್ಲಿ ಸಿಕ್ಕರೆ, ಅವೆಲ್ಲ ಒಟ್ಟಿಗೆ ಇದ್ದ ಕಾಲವೇ ಆ ಪದರದ ಕಾಲ.

ನ್ಯೂಯಾರ್ಕಿನ ಒಂದು ಸ್ಕಾರ್ಫ್ ಹರಡಿಕೊಂಡಿದ್ದೇವೆ ಅಂದುಕೊಳ್ಳಿ. ಸ್ವಾತಂತ್ರ್ಯ ದೇವಿಯ ಪ್ರತಿಮೆ ಕಂಡರೆ ಏನೂ ಗೊತ್ತಾಗುವುದಿಲ್ಲ, ಅದು 1886ರಿಂದಲೂ ಅಲ್ಲೇ ನಿಂತಿದೆ. ಎಂಪೈರ್ ಸ್ಟೇಟ್ ಕಟ್ಟಡವಿದ್ದರೆ 1931ರ ಆಸುಪಾಸಿಗೆ ಬಂದೆವು. ಈಗ ಅದರ ತುದಿ ನೋಡಿ. ಉದ್ದನೆಯ ಟಿವಿ ಆಂಟೆನಾ ಇದೆಯಾ? ಅದನ್ನು ನಿಲ್ಲಿಸಿದ್ದು 1950-51ರಲ್ಲಿ. ವಿಶ್ವಸಂಸ್ಥೆಯ ಚಪ್ಪಟೆ ಗಾಜಿನ ಕಟ್ಟಡವೂ ಅದೇ ಹೊತ್ತಿನದು. ಬಾವುಟ ಇದ್ದರಂತೂ ಭೂತಗನ್ನಡಿ ತೆಗೆದುಕೊಳ್ಳಿ. ಅಮೆರಿಕದ ಬಾವುಟದಲ್ಲಿ 1912ರಿಂದ 48 ನಕ್ಷತ್ರಗಳಿದ್ದವು. ಅಲಾಸ್ಕಾ ಸೇರಿದ ಮೇಲೆ, 1959ರ ಜುಲೈ 4ರಿಂದ, 49 ಆದವು. ಹವಾಯಿಯಿಂದಾಗಿ ಮರುವರ್ಷ ಅದೇ ದಿನ 50. ಎಂಟೆಂಟರ ಆರು ನೇರ ಸಾಲುಗಳು ಕಂಡರೆ ಅದು 48ರ ಬಾವುಟ. ಆಂಟೆನಾ, ವಿಶ್ವಸಂಸ್ಥೆ, 48 ನಕ್ಷತ್ರ ಮೂರೂ ಒಟ್ಟಿಗಿದ್ದರೆ ಆ ಚಿತ್ರ ಹೆಚ್ಚುಕಡಿಮೆ 1950ರ ದಶಕದ್ದು. ಕಲಾವಿದ ಸುಮ್ನೆ ಹತ್ತಿಪ್ಪತ್ತು ಚುಕ್ಕಿ ಇಟ್ಟಿದ್ದರೆ ಮಾತ್ರ ಈ ಎಣಿಕೆ ಕೈಕೊಡುತ್ತದೆ. ಹಾಗೆ ಇಟ್ಟವರು ಜಾಸ್ತಿ!

ವರ್ಲ್ಡ್ ಟ್ರೇಡ್ ಸೆಂಟರಿನ ಅವಳಿ ಗೋಪುರಗಳು ಕಾಣುತ್ತಿಲ್ಲ, ಹಾಗಾಗಿ ಇದು 1970ಕ್ಕಿಂತ ಹಿಂದಿನದು ಎಂದು ಹಲವರು ಥಟ್ಟನೆ ತೀರ್ಮಾನಿಸುತ್ತಾರೆ. ಇದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಚೌಕದಲ್ಲಿ ಜಾಗ ಸಾಲದೆ ಬಿಟ್ಟಿರಬಹುದು, ಚಿತ್ರ ಬರೆದವನಿಗೆ ಆ ಕಟ್ಟಡ ಹಿಡಿಸದೇ ಇರಬಹುದು. ಇರುವುದು ಸಾಕ್ಷಿ, ಇಲ್ಲದಿರುವುದು ಬರೀ ಸುಳಿವು.

ಕೆಡವಿದ ಕಟ್ಟಡಗಳ ಕತೆಯೂ ಸ್ವಲ್ಪ ಹಾಗೆಯೇ. ಪ್ಯಾರಿಸ್ಸಿನಲ್ಲಿ ಐಫೆಲ್ ಗೋಪುರದ ಎದುರಿಗೆ, ನದಿಯ ಆಚೆ ದಡದಲ್ಲಿ, 1878ರ ವಿಶ್ವ ಪ್ರದರ್ಶನಕ್ಕೆ ಕಟ್ಟಿದ ಟ್ರೊಕಡೆರೊ ಅರಮನೆ ಇತ್ತು. ನಡುವೆ ದುಂಡನೆಯ ಸಭಾಂಗಣ, ಪಕ್ಕಕ್ಕೆ ಮಿನಾರಿನಂಥ ಎರಡು ಗೋಪುರ. 1935ರಲ್ಲಿ ಅದನ್ನು ಒಡೆಯಲು ಶುರು ಮಾಡಿದರು. 1937ರ ಪ್ರದರ್ಶನದ ಹೊತ್ತಿಗೆ ಅಲ್ಲಿ ನಡುವೆ ಖಾಲಿ ಬಿಟ್ಟು ಎರಡು ರೆಕ್ಕೆ ಚಾಚಿದ ಶಾಯೊ ಅರಮನೆ ಎದ್ದಿತ್ತು. ಹಳೆಯ ಗೋಪುರಗಳು ಕಂಡರೆ ಚಿತ್ರ ಹಳೆಯದು ಎನ್ನಬಹುದು. ಆದರೆ ಹಳೆಯ ಪೋಸ್ಟ್‌ಕಾರ್ಡ್ ನೋಡಿ ಆಮೇಲೆ ಬರೆದದ್ದೂ ಇರಬಹುದು, ಅಲ್ವಾ?

ಹಾಗಾದರೆ ಕಟ್ಟಡ ಮುಗಿದ ವರ್ಷವಾದರೂ ಗಟ್ಟಿಯೇ? ಅದೂ ಪೂರ್ತಿ ಅಲ್ಲ. ಸಿಡ್ನಿಯ ಆಪೆರಾ ಹೌಸ್ ತೆರೆದದ್ದು 1973ರಲ್ಲಿ, ಅದರ ವಿನ್ಯಾಸ ಆಯ್ಕೆಯಾಗಿದ್ದು 1957ರಲ್ಲೇ. ಅಮೆರಿಕದ ಸೇಂಟ್ ಲೂಯಿಸ್ ನಗರದ ಎತ್ತರದ ಕಮಾನಿನ ವಿನ್ಯಾಸ ಗೆದ್ದದ್ದು 1948ರಲ್ಲಿ, ಕಮಾನು ಪೂರ್ಣವಾದದ್ದು 1965ರಲ್ಲಿ. ಕಟ್ಟುವ ಮೊದಲೇ ಚಿತ್ರ ಬರೆಯಲು ಯಾರ ಅಡ್ಡಿಯೂ ಇರಲಿಲ್ಲ. ಹಾಗಾಗಿ ಲೆಕ್ಕ ಶುರುವಾಗಬೇಕಾದದ್ದು ವಿನ್ಯಾಸ ಜನರ ಕಣ್ಣಿಗೆ ಬಿದ್ದ ವರ್ಷದಿಂದ. ಸಿಡ್ನಿಯ ವಿಷಯದಲ್ಲಿ ಇನ್ನೊಂದು ಅನುಕೂಲವಿದೆ. ಮೊದಲ ರೇಖಾಚಿತ್ರಗಳಲ್ಲಿ ಚಾವಣಿಯ ಚಿಪ್ಪುಗಳು ತಗ್ಗಾಗಿ, ಅಡ್ಡಡ್ಡ ಬಾಗಿದ್ದವು. ಒಂದೇ ಗೋಳದಿಂದ ಕತ್ತರಿಸಿದಂತಿರುವ ಈಗಿನ ಆಕಾರ ಬಂದದ್ದು 1961ರ ಹೊತ್ತಿಗೆ.

ಕಟ್ಟಡಗಳು ಹೇಳುವುದು ಚಿತ್ರದ ವಯಸ್ಸನ್ನು. ಬಟ್ಟೆಯದನ್ನು ಬೇರೆಯಾಗಿಯೇ ಕೇಳಬೇಕು. ‘ಮೇಡ್ ಇನ್ ಆಕ್ಯುಪೈಡ್ ಜಪಾನ್’ ಎಂಬ ಲೇಬಲ್ ಸಿಕ್ಕರೆ ಅದೃಷ್ಟ, ಅದು ಯುದ್ಧದಲ್ಲಿ ಸೋತ ಜಪಾನ್ ಮಿತ್ರರಾಷ್ಟ್ರಗಳ ಹಿಡಿತದಲ್ಲಿದ್ದ 1945ರಿಂದ 1952ರ ನಡುವಿನದು. ಬಟ್ಟೆಯಲ್ಲಿ ಯಾವ ನೂಲು ಶೇಕಡಾ ಎಷ್ಟಿದೆ ಎಂದು ಬರೆಯುವುದು ಅಮೆರಿಕದಲ್ಲಿ 1960ರಿಂದ ಕಡ್ಡಾಯವಾಯಿತು. ಲೇಬಲ್ ಕಿತ್ತುಹೋಗಿದ್ದರೆ ಅಂಚಿನಿಂದ ಒಂದು ಎಳೆ ತೆಗೆದು ಜೋಪಾನವಾಗಿ ಸುಟ್ಟು ನೋಡುತ್ತಾರೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ, ರೇಯಾನಿಗೆ ಕಾಗದ ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅದು ಮಾರುಕಟ್ಟೆಗೆ ಬಂದದ್ದೇ 1950ರ ದಶಕದಲ್ಲಿ. ಟ್ರೊಕಡೆರೊದ ಹಳೆಯ ಗೋಪುರಗಳಿರುವ ಸ್ಕಾರ್ಫಿನ ಎಳೆ ಹೀಗೆ ಮಣಿಗಟ್ಟಿದರೆ, ಹಳೆಯ ಚಿತ್ರವನ್ನು ಯಾರೋ ಹೊಸ ಬಟ್ಟೆಯ ಮೇಲೆ ಅಚ್ಚು ಹಾಕಿದ್ದಾರೆ ಎಂದರ್ಥ.